ತೀಜಾನಿಯ ಕತ್ತೆಹಲ್ಲು

ನನ್ನ ಗಂಡ ತೀಜಾನಿ ಕಳೆದ ಚಳಿಗಾಲ ತೀರಿಕೊಂಡ. ದೋಣಿಯಲ್ಲಿ ಕೂತು ಸಮುದ್ರದಿಂದ ಆಕ್ಟೋಪಸ್ ಹಿಡಿಯುವ ಮಡಿಕೆ ಎತ್ತುತ್ತಿದ್ದವನು, ಹಗ್ಗ ಕೈಯಲ್ಲಿರುವಂತೆಯೇ ಒರಗಿಬಿಟ್ಟ. ಊರವರು ಅವನ ಝುಕ್ರಾ, ಅಂದರೆ ನಮ್ಮ ಕಡೆಯ ಓಲಗ, ನೆನೆದು ಮಾತಾಡುತ್ತಾರೆ. ಇನ್ನು ಅಂಥ ಊದುವವನು ಕೆರ್ಕೆನ್ನಾ ದ್ವೀಪದಲ್ಲಿ ಹುಟ್ಟುವುದಿಲ್ಲ ಅನ್ನುತ್ತಾರೆ. ಹುಟ್ಟುತ್ತಾರೆ. ಸತ್ತವರ ಬಗ್ಗೆ ಹಾಗೆ ಅನ್ನುವುದು ವಾಡಿಕೆ, ಅಷ್ಟೆ. ನಾನು ಅವನ ಹಲ್ಲಿನ ಬಗ್ಗೆ ಬರೆಯುತ್ತೇನೆ. ಅದು ಆದಾಗ ನಾನು ಪಕ್ಕದಲ್ಲೇ ಇದ್ದೆ.

ಅವನು ಹುಟ್ಟಿದ್ದು, ಬೆಳೆದದ್ದು, ಸತ್ತದ್ದು ಎಲ್ಲ ಅತ್ತಾಯ ಎಂಬ ನಮ್ಮ ಊರಿನಲ್ಲೇ. ಚಳಿಗಾಲದಲ್ಲಿ ಆಕ್ಟೋಪಸ್ ಹಿಡಿಯುತ್ತಿದ್ದ. ಮಣ್ಣಿನ ಮಡಿಕೆಗಳನ್ನು ಉದ್ದನೆ ಹಗ್ಗಕ್ಕೆ ಕಟ್ಟಿ ಸಮುದ್ರದ ತಳಕ್ಕೆ ಬಿಡುವುದು. ಆಕ್ಟೋಪಸ್ ಅದನ್ನೇ ಮನೆ ಅಂದುಕೊಂಡು ಒಳಗೆ ಹೋಗಿ ಕೂರುತ್ತದೆ. ಎತ್ತಿದರೆ ಸಿಕ್ಕಿತು. ಬೇಸಿಗೆ ಬಂದರೆ ಮದುವೆಗಳು. ಆಗ ದೋಣಿ ದಡಕ್ಕೆಳೆದು, ಕೆಂಪು ಅಂಗಿ, ಕೆಂಪು ಟೋಪಿ ಹಾಕಿಕೊಂಡು ಝುಕ್ರಾ ಊದಲು ಹೋಗುತ್ತಿದ್ದ.

ಊದುವುದನ್ನು ಕಲಿಸಿದ್ದು ಅವನ ಸೋದರಮಾವ. ಮೊದಲು ಬಹಳ ಕಾಲ ಝುಕ್ರಾ ಮುಟ್ಟಲೂ ಕೊಡಲಿಲ್ಲವಂತೆ. ಒಂದು ಬಟ್ಟಲು ನೀರು, ಬಾಯಲ್ಲೊಂದು ಜೊಂಡಿನ ಕಡ್ಡಿ. ನೀರಿನಲ್ಲಿ ಗುಳ್ಳೆ ನಿಲ್ಲದ ಹಾಗೆ ಊದುತ್ತಿರಬೇಕು. ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಲೇ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಬಾಯಿಂದ ಬಿಡಬೇಕು. ಗುಳ್ಳೆ ನಿಂತರೆ ಮಾವ ತಲೆಗೆ ಮೊಟಕುತ್ತಿದ್ದ. ಹಾಗೆ ಮೊಟಕಿಸಿಕೊಂಡು ಕಲಿತ ಉಸಿರು ಅದು. ಊದಲು ಶುರು ಮಾಡಿದರೆ ಎಲ್ಲಿ ಉಸಿರು ತೆಗೆದುಕೊಂಡ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಾತು ಕಡಿಮೆ. ಕುಳ್ಳ. ಹಟಮಾರಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮುಂದಿನ ಎಡಗಡೆ ಹಲ್ಲು ಸೊಟ್ಟಗಿತ್ತು. ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ತಿರುಗಿ ಕೂತಿತ್ತು, ತುದಿ ಸವೆದು ಹಳ್ಳ ಬಿದ್ದಿತ್ತು. ನೋಡಿದವರಿಗೆ ಅದೇನೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಆ ಕೈ ಎಳೆದು ತೆಗೆಯುತ್ತಿದ್ದೆ. ಮತ್ತೆ ಹಿಡಿಯುತ್ತಿದ್ದ. ಆಮೇಲೆ ಬಿಟ್ಟುಬಿಟ್ಟೆ.

ನಮಗೆ ಮಕ್ಕಳಾಗಲಿಲ್ಲ. ಅವನ ಜೊತೆ ಡೋಲು ಬಾರಿಸುತ್ತಿದ್ದ ಬೂಬಕ್ಕರನ ಮಗಳು ಎಮ್ನಾ ನಮ್ಮ ಅಂಗಳದಲ್ಲೇ ಬೆಳೆದಳು ಅನ್ನಬಹುದು. ಊಟಕ್ಕೆ ಅವರ ಮನೆ, ಉಳಿದದ್ದಕ್ಕೆಲ್ಲ ನಮ್ಮ ಮನೆ. ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲೇ, "ಚಿಕ್ಕಪ್ಪ, ನನ್ನ ಮದುವೇಲಿ ನೀನೇ ಊದ್ಬೇಕು" ಅಂದಿದ್ದಳು.

"ಬೇರೆಯವನು ಊದಿದ್ರೆ ಅವನ ಝುಕ್ರಾ ಒಲೆಗೆ ಹಾಕ್ತೀನಿ," ಅಂದಿದ್ದ ಇವನು.

ಆ ಮದುವೆ ಬಂತು. ಮದುವೆಯ ಹಿಂದಿನ ದಿನ ಇವನು ದಡದಲ್ಲಿ ದೋಣಿಯ ಹಗ್ಗದ ಗಂಟು ಬಿಚ್ಚುತ್ತಿದ್ದ. ಹಗ್ಗ ಉಪ್ಪು ಹಿಡಿದು ಕಲ್ಲಾಗಿತ್ತು. ಕೈಯಲ್ಲಿ ಬರಲಿಲ್ಲ, ಹಲ್ಲಿನಿಂದ ಎಳೆದ. ನಮ್ಮ ಗಂಡಸರೆಲ್ಲ ಹಾಗೇ ಬಿಚ್ಚುವುದು. ಗಂಟು ಬಿಚ್ಚಿತು. ಹಲ್ಲು ಮುರಿಯಿತು. ಅದೇ ಸೊಟ್ಟ ಹಲ್ಲು.

ಚೂರು ಅಂಗೈಯಲ್ಲಿತ್ತು. ನಮ್ಮಲ್ಲಿ ಹಾಲುಹಲ್ಲು ಬಿದ್ದ ಮಕ್ಕಳು ಅದನ್ನು ಸೂರ್ಯನ ಕಡೆ ಎಸೆಯುತ್ತಾರೆ. ಈ ಕತ್ತೆಹಲ್ಲು ನೀನಿಟ್ಟುಕೋ, ನನಗೆ ಜಿಂಕೆಹಲ್ಲು ಕೊಡು ಅಂತ ಕೇಳುತ್ತಾರೆ. ಇವನೂ ಎದ್ದು ನಿಂತು ಕೇಳಿದ. ತಲೆ ನರೆತ ಗಂಡಸು. ಬಲೆ ಹೊಲಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಇವನೂ ಕೈ ಅಡ್ಡ ಹಿಡಿದು ನಕ್ಕು, ಚೂರನ್ನು ಸೂರ್ಯನ ಕಡೆ ಬೀಸಿ ಎಸೆದ. ಅದು ನೀರಿಗೆ ಬಿತ್ತು. ಮನೆಗೆ ಬಂದು ನನಗೂ ಅದನ್ನೇ ಹೇಳಿ ನಕ್ಕ.

ಆಮೇಲೆ ಝುಕ್ರಾ ಕೈಗೆತ್ತಿಕೊಂಡ. ನಗು ನಿಂತಿತು.

ಝುಕ್ರಾದ ಪೀಪಿ ಪೂರ್ತಿ ಬಾಯೊಳಗೆ ಹೋಗಬೇಕು. ತುಟಿ ಪೀಪಿಯ ಬುಡದ ಮರದ ಬಿಲ್ಲೆಗೆ ಒತ್ತಿ ಕೂರಬೇಕು. ತುಟಿಯ ಹಿಂದೆ ಹಲ್ಲಿರಬೇಕು. ಈಗ ಅಲ್ಲಿ ಸಂದು. ತುಟಿ ಒಳಗೆ ಹೋಗುತ್ತಿತ್ತು, ಗಾಳಿ ಪಕ್ಕದಿಂದ ಸೋರುತ್ತಿತ್ತು. ಸಂದಿಗೆ ಮೇಣ ತುಂಬಿದ. ಜಗಿದ ಹಿಟ್ಟು ತುಂಬಿದ. ಊದಿದಾಗ ಹಿಟ್ಟು ಹಾರಿ ಗೋಡೆಗೆ ಅಂಟಿತು. ಅಷ್ಟರಲ್ಲಿ ಬೂಬಕ್ಕರ್ ಬಂದ.

"ಏನೋ ಇದು, ಸೈಕಲ್ ಟ್ಯೂಬ್ ಪಂಕ್ಚರ್ ಆದ ಹಾಗೆ ಸದ್ದು ಬರ್ತಿದೆ?" ಅಂದ. ಇವನು ಬಾಯಿ ತೆರೆದು ತೋರಿಸಿದ. ಬೂಬಕ್ಕರ್ ಮುಖ ಸಣ್ಣದಾಯಿತು. ಹೊಸಿಲ ಮೇಲೆ ಕೂತ.

"ನಾಳೆ ಮಗಳು ಒಂಟೆ ಹತ್ತಬೇಕಲ್ಲೋ."

"ಗೊತ್ತು."

"ಕ್ರಾತೆನ್ ಊರಲ್ಲಿ ಊದೋನಿದ್ದಾನಲ್ಲ, ಅವನನ್ನ ಕರೆಸ್ಲಾ?"

ಇವನು ಸಂದಿಗೆ ಮತ್ತೆ ಮೇಣ ಒತ್ತತೊಡಗಿದ.

ಕಷ್ಟ ಏನೆಂದರೆ, ಮದುಮಗಳು ಒಂಟೆಯ ಮೇಲಿನ ಗೂಡಿನಲ್ಲಿ ಕೂತು ತವರಿನ ಬಾಗಿಲು ಬಿಟ್ಟ ಮೇಲೆ ಗಂಡನ ಬಾಗಿಲು ಮುಟ್ಟುವವರೆಗೆ ಝುಕ್ರಾ ನಿಲ್ಲಬಾರದು. ನಮ್ಮೂರ ಹೆಂಗಸರು ಅದನ್ನು ಬಿಡುವವರಲ್ಲ. ದಾರಿಯಲ್ಲಿ ಉಸಿರು ತುಂಡಾದರೆ ಆ ಮಾತು ಹುಡುಗಿಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬಸಿರು ನಿಲ್ಲದಿದ್ದರೂ, ಗಂಡ ಜಗಳವಾಡಿದರೂ, ಬಾವಿಕಟ್ಟೆಯಲ್ಲಿ ಕೂತು, "ಅವತ್ತು ಝುಕ್ರಾ ನಿಂತಿತ್ತಲ್ಲ" ಅನ್ನುತ್ತಾರೆ.

ಎಮ್ನಾ ಓಡಿ ಬಂದಳು. ಗೋರಂಟಿ ಹಚ್ಚಿದ ಎರಡು ಕೈಗೂ ಬಟ್ಟೆ ಸುತ್ತಿತ್ತು.

"ಚಿಕ್ಕಪ್ಪ, ನೀನು ಊದದಿದ್ರೆ ನಾನು ಒಂಟೆ ಹತ್ತಲ್ಲ. ನಡ್ಕೊಂಡೇ ಹೋಗ್ತೀನಿ."

"ನಡೀ ಒಳಗೆ. ಗೋರಂಟಿ ಕೆಡಿಸ್ಕೊಬೇಡ," ಅಂದ ಇವನು. ಅವಳು ಹೋದ ಮೇಲೆ ಗೋಡೆ ಕಡೆ ತಿರುಗಿ ಕೂತ.

ನಾನು ಸ್ಫಾಕ್ಸ್ ಪಟ್ಟಣದಲ್ಲಿದ್ದ ಅವನ ಅಕ್ಕ ಮಬ್ರೂಕಾಗೆ ಫೋನ್ ಮಾಡಿದೆ. ಅವಳಿಗೆ ಗೊತ್ತಿಲ್ಲದ ಡಾಕ್ಟರಿಲ್ಲ. ಅರ್ಧ ಜೀವನ ಅವರ ಬೆಂಚುಗಳ ಮೇಲೇ ಕಳೆದವಳು.

"ಮೊದಲಾದ್ರೆ ಎರಡು ಸಲ ಹೋಗ್ಬೇಕಿತ್ತು ಕಣೇ," ಅಂದಳು. "ಅಳತೆ ಕೊಟ್ಟು ಬಂದು, ವಾರ ಕಾದು, ಮತ್ತೆ ಹೋಗಿ ಕೂರಿಸ್ಕೊಬೇಕಿತ್ತು. ಈಗ ನಮ್ಮ ಬೀದೀಲಿ ಡಾಕ್ಟರ್ ಸಿಹೆಮ್ ಅಂತ ಇದ್ದಾಳೆ. ಕೂತ ಕುರ್ಚೀಲೇ ಹಲ್ಲು ಮಾಡಿ ಹಾಕಿ ಕಳಿಸ್ತಾಳೆ. ಬೆಳಗಿನ ಹಡಗಿಗೆ ಅವನನ್ನ ಹತ್ತಿಸು."

ಬೆಳಗಿನ ಹಡಗಿಗೆ ಹೋದೆವು. ಅವನು ಝುಕ್ರಾವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದ. ದಡದಲ್ಲಿ ಕಾದಿದ್ದ ಮಬ್ರೂಕಾ ನಮ್ಮನ್ನು ನೇರ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರ್ ಸಿಹೆಮ್ ಚಿಕ್ಕ ವಯಸ್ಸಿನವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಬಾಯೊಳಗೆ ನೋಡಿ, "ಬುಡ ಉಳಿದಿದೆ. ಅದನ್ನ ಸುತ್ತಲೂ ತೇಯ್ದು ಮೇಲೆ ಕ್ಯಾಪ್ ಕೂರಿಸ್ತೀನಿ. ಇಂಜೆಕ್ಷನ್ ಕೊಡ್ತೀನಿ," ಅಂದಳು.

"ಇಂಜೆಕ್ಷನ್ ಬೇಡ."

"ತೀಜಾನಿಯವರೇ, ಬೇರು ಯಾವತ್ತೋ ಸತ್ತಿದೆ, ಹಲ್ಲು ನೋಯಲ್ಲ. ಆದ್ರೆ ವಸಡು ಸತ್ತಿಲ್ಲ. ಅದು ನೋಯುತ್ತೆ."

"ನೋಯ್ಲಿ. ತುಟಿ ಜೋಮು ಹಿಡಿದ್ರೆ ಸಂಜೆ ಊದೋದು ಹೇಗೆ?"

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ, "ಅವನು ಹೇಳಿದ ಹಾಗೇ ಮಾಡಿ. ಇಲ್ಲಾಂದ್ರೆ ಎದ್ದು ಹೋಗ್ತಾನೆ."

ತೇಯುವಾಗ ಅವನು ಕುರ್ಚಿಯ ಕೈ ಹಿಡಿದುಕೊಂಡಿದ್ದ. ಕಾಲ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡಿದ್ದವು.

ಆಮೇಲೆ ಒಂದು ಕಡ್ಡಿಯಂಥ ಕ್ಯಾಮೆರಾ ಬಾಯೊಳಗೆ ಆಡಿಸಿದಳು. ಎದುರಿನ ಟಿವಿಯಲ್ಲಿ ಅವನ ಹಲ್ಲುಗಳು ಬಂಡೆಗಳ ಹಾಗೆ ಎದ್ದು ನಿಂತವು.

"ಇದು ನನ್ನ ಬಾಯಾ?" ಅಂದ.

"ಮತ್ತೆ ನನ್ನದಾ?" ಅಂದಳು ಮಬ್ರೂಕಾ. "ಜನ್ಮದಲ್ಲಿ ಒಂದು ಸಲ ನೋಡ್ಕೋ. ಬೀಡಿ ಸೇದಿ ಸೇದಿ ಹೊಗೆಗೂಡಾಗಿದೆ."

ಡಾಕ್ಟರ್ ಕೇಳಿದಳು, "ಮುರಿದ ಚೂರು ತಂದಿದ್ದೀರಾ? ಇದ್ರೆ ಅದೇ ಥರ ಮಾಡಬಹುದು."

"ಸೂರ್ಯನಿಗೆ ಕೊಟ್ಟೆ."

ಅವಳಿಗೆ ಕೂಡಲೇ ಅರ್ಥವಾಯಿತು. ಕೈಗವಸು ಬಾಯಿಗೊತ್ತಿ ನಕ್ಕಳು. "ಹಾಗಾದ್ರೆ ಜಿಂಕೆಹಲ್ಲು ಕೊಡೋ ಕೆಲಸ ನನ್ನ ತಲೆಗೆ ಬಂತು ಅನ್ನಿ. ಹಳೇ ಫೋಟೋ ಏನಾದ್ರೂ ಇದ್ಯಾ, ಹಲ್ಲು ಕಾಣೋದು?"

ನಾನು ಫೋನಿನಲ್ಲಿ ಹುಡುಕಿದೆ. ಎಷ್ಟೋ ಫೋಟೋಗಳಿದ್ದವು. ಎಲ್ಲದರಲ್ಲೂ ಬಾಯಿಗೆ ಝುಕ್ರಾ. ಝುಕ್ರಾ ಇಲ್ಲದಿದ್ದರೆ ಕೈ. ಇಷ್ಟು ವರ್ಷ ಜೊತೆಗಿದ್ದವಳ ಹತ್ತಿರ ಅವನ ಹಲ್ಲು ಕಾಣುವ ಒಂದು ಫೋಟೋ ಇರಲಿಲ್ಲ.

"ಬೇಡ ಬಿಡಿ," ಅಂದಳು ಡಾಕ್ಟರ್. "ಬಲಗಡೆ ಹಲ್ಲು ಚೆನ್ನಾಗಿದೆ. ಅದರ ಆಕಾರಾನೇ ಮಗುಚಿ ಎಡಕ್ಕೆ ಹಾಕ್ತೀನಿ. ಜೋಡಿ ಹಲ್ಲಾಗುತ್ತೆ."

ಟಿವಿಯಲ್ಲಿ ಸಂದಿಯೊಳಗೆ ಒಂದು ನೇರ ಹಲ್ಲು ಬಂದು ಕೂತಿತು. ಬಾಯಿಯೇ ಬೇರೆಯಾಯಿತು.

"ಅಯ್ಯೋ ನನ್ನ ತಮ್ಮ! ಮದುಮಗನ ಹಾಗಿದ್ದೀಯಲ್ಲೋ," ಅಂತ ಕೂಗಿದಳು ಮಬ್ರೂಕಾ. "ಇವಳೇ, ಇನ್ನು ಇವನನ್ನ ಮನೆಯೊಳಗೆ ಕಟ್ಟಿ ಹಾಕು. ಊರ ಹೆಂಗಸರು ಬಿಡಲ್ಲ."

ತೀಜಾನಿ ಟಿವಿ ನೋಡುತ್ತಾ ನಕ್ಕ. ಕೈ ಕುರ್ಚಿಯ ಮೇಲೇ ಇತ್ತು. ಅಡ್ಡ ಬರಲಿಲ್ಲ. ಅದನ್ನು ನಾನು ನೋಡಿದೆ.

ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಯಂತ್ರ. ಅದರೊಳಗೆ ಬೆರಳಿನ ತುದಿಯಷ್ಟು ಗಟ್ಟಿ ತುಂಡೊಂದನ್ನು ಸಿಕ್ಕಿಸಿದಳು. ನೀರು ಚಿಮ್ಮುತ್ತಾ ಎರಡು ಸೂಜಿಗಳು ಅದನ್ನು ಕೊರೆಯತೊಡಗಿದವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಲ್ಲು ಹೊರಬಂತು. ನೇರಳೆ ಬಣ್ಣ.

"ಇದೇನಮ್ಮಾ, ಬದನೇಕಾಯಿ ಹಲ್ಲು!" ಅಂದಳು ಮಬ್ರೂಕಾ.

"ಒಲೆಯಲ್ಲಿ ಸುಟ್ಟ ಮೇಲೆ ಬಿಳಿ ಆಗುತ್ತೆ ಅಮ್ಮಾ. ಮೊದಲು ಹೀಗೇ ಕೂರಿಸಿ ನೋಡ್ಬೇಕು. ಸುಟ್ಟ ಮೇಲೆ ತಿದ್ದೋದು ಕಷ್ಟ."

ಕೂರಿಸಿದಳು. ಸರಿಯಾಗಿ ಕೂತಿತು. ಕನ್ನಡಿ ಕೊಟ್ಟಳು. ಅವನು ಕನ್ನಡಿ ತೆಗೆದುಕೊಳ್ಳಲಿಲ್ಲ. ಝುಕ್ರಾದ ಬಟ್ಟೆ ಬಿಚ್ಚಿದ.

"ಇಲ್ಲೇ ಊದ್ತೀರಾ?" ಅಂದಳು ಡಾಕ್ಟರ್.

"ಮತ್ತೆಲ್ಲಿ ಮಗಳೇ?"

"ಇನ್ನೂ ಸುಟ್ಟಿಲ್ಲ. ಜೋರಾಗಿ ಒತ್ತಿದ್ರೆ ಒಡೆಯುತ್ತೆ. ಮೆಲ್ಲಗೆ."

ಝುಕ್ರಾಕ್ಕೆ ಮೆಲ್ಲಗೆ ಅನ್ನುವುದು ಗೊತ್ತಿಲ್ಲ. ಅವನು ಊದಿದ. ಕಿಟಕಿಯ ಗಾಜು ನಡುಗಿತು. ಹೊರಗೆ ಕಾಯುತ್ತಿದ್ದವರಲ್ಲಿ ಯಾವಳೋ ಒಬ್ಬಳು ಮದುವೆಮನೆಯಲ್ಲಿ ಕೂಗುವ ಹಾಗೆ ನಾಲಿಗೆ ಆಡಿಸಿ ಕೂಗಿದಳು. ಎಲ್ಲರೂ ಬಾಗಿಲಿಗೆ ಬಂದು ನಿಂತರು. ಕೆಳಗಿನ ಔಷಧಿ ಅಂಗಡಿಯವನು ಮೇಲೆ ಬಂದು, "ಯಾರದಮ್ಮಾ ಮದುವೆ?" ಅಂದ.

ಅವರಿಗೆಲ್ಲ ಚೆನ್ನಾಗಿಯೇ ಕೇಳಿಸಿತು. ನನಗೆ ಹಾಗೆ ಕೇಳಿಸಲಿಲ್ಲ. ಸದ್ದು ಚೂಪಾಗಿತ್ತು. ಕೊನೆಗೆ ಒಂದು ಸಣ್ಣ ಸೋರಿಕೆ ಇತ್ತು. ಅವನು ಝುಕ್ರಾ ಕೆಳಗಿಳಿಸಿದ.

"ಉದ್ದ ಆಯ್ತು. ತುಟಿಗೆ ಕುಕ್ಕುತ್ತೆ."

ಅವಳು ಹಲ್ಲು ತೆಗೆದು ತುದಿ ತೇಯ್ದಳು. ಊದಿದ. ಇನ್ನೂ ತೇಯ್ದಳು. ಊದಿದ. ಸೋರಿಕೆ ಹೋಗಲಿಲ್ಲ. ಗೋಡೆಯ ಗಡಿಯಾರ ಮಧ್ಯಾಹ್ನದ ಹಡಗಿನ ಹೊತ್ತಿಗೆ ಹತ್ತಿರವಾಗುತ್ತಿತ್ತು.

ಅವನು ಕಣ್ಣು ಮುಚ್ಚಿ ನಾಲಿಗೆಯಿಂದ ಆ ಜಾಗವನ್ನು ಸವರಿ ನೋಡುತ್ತಾ ಕೂತ. ಆಮೇಲೆ ಹೇಳಿದ, "ಹಳೇದು ತಿರುಗಿತ್ತು. ಹೀಗೆ, ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಆ ಮೂಲೇಲಿ ತುಟಿ ನಿಲ್ತಿತ್ತು. ತುದೀಲಿ ಒಂದು ಹಳ್ಳ ಇತ್ತು. ಪೀಪಿ ಅಲ್ಲಿ ಒರಗ್ತಿತ್ತು. ಈ ಹಲ್ಲಲ್ಲಿ ನಿಲ್ಲೋಕೆ ಜಾಗ ಇಲ್ಲ."

"ಅಂದ್ರೆ?" ಅಂದಳು ಮಬ್ರೂಕಾ.

"ಅಂದ್ರೆ ಸೊಟ್ಟ ಹಲ್ಲೇ ಬೇಕು."

"ಹುಚ್ಚು ಹಿಡಿದಿದ್ಯಾ? ಹುಟ್ಟಿದಾಗಿಂದ ಬಾಯಿ ಮುಚ್ಕೊಂಡು ತಿರುಗಿದೆ. ಅಲ್ಲಾಹನೇ ಬೇಡ ಅಂತ ಮುರಿದು ಎಸೆದ. ಇಲ್ಲಿ ಬಂದು ಜಿಂಕೆಹಲ್ಲು ಬೇಡ, ನನ್ನ ಕತ್ತೆಹಲ್ಲು ವಾಪಸ್ ಕೊಡು ಅಂತೀಯಾ? ಡಾಕ್ಟರ್, ಇವನ ಮಾತು ಕೇಳ್ಬೇಡ. ಅದನ್ನೇ ಅಂಟಿಸು."

ಡಾಕ್ಟರ್ ಅವನ ಕಡೆ ತಿರುಗಿದಳು. ಅವನನ್ನು ಕೇಳಿದಳು, "ತಿರುಗಿಸ್ಬೇಕು ಅಂದ್ರೆ ಇದು ಆಗಲ್ಲ. ಇನ್ನೊಂದು ಕೊರೀಬೇಕು. ಒಂದು ಸಲ ಅಂಟಿಸಿದ್ರೆ ಅದೇ ಗತಿ, ಬಿಚ್ಚೋಕಾಗಲ್ಲ. ನಾಳೆ ಕನ್ನಡಿ ನೋಡಿ ನನ್ನನ್ನ ಬೈತೀರಾ?"

ಅವನು ಟಿವಿ ಕಡೆ ನೋಡಿದ. ಅಲ್ಲಿ ಇನ್ನೂ ಆ ನೇರ ಹಲ್ಲಿನ ಬಾಯಿ ಇತ್ತು. ಸ್ವಲ್ಪ ಹೊತ್ತು ನೋಡಿದ.

"ಸಂಜೆ ಎಮ್ನಾ ಒಂಟೆ ಮೇಲೆ ಕೂರ್ತಾಳೆ ಮಗಳೇ, ಝುಕ್ರಾ ನಿಲ್ಬಾರದು. ಕನ್ನಡಿ ಮನೇಲಿರುತ್ತೆ."

ಅವಳು ಟಿವಿಯಲ್ಲಿ ಹಲ್ಲನ್ನು ತಿರುಗಿಸತೊಡಗಿದಳು. "ಇಷ್ಟಾ?" "ಇನ್ನೂ." "ಇಷ್ಟಾ?" "ಜಾಸ್ತಿ ಆಯ್ತು. ವಾಪಸ್ ಬಾ." ಚುಕ್ಕಾಣಿ ಹಿಡಿದವನಿಗೆ ಹೇಳುವ ಹಾಗೆ ಹೇಳುತ್ತಿದ್ದ. ಸಾಲದ್ದಕ್ಕೆ ನನ್ನನ್ನೂ ಕರೆದ. "ಇವಳೇ, ನೀನು ನೋಡಿದ್ದೀಯಲ್ಲ. ಹೀಗಿತ್ತಾ?"

"ಇನ್ನೊಂದು ಚೂರು ಕೆಳಗೆ ವಾಲಿತ್ತು," ಅಂದೆ. ಹಲ್ಲಿನ ಬಗ್ಗೆ ನಾನು ಹೇಳಿದ್ದು ಅದೊಂದೇ.

ಎರಡನೆಯ ನೇರಳೆ ಹಲ್ಲು ಬಂತು. ಕೂರಿಸಿ ಊದಿದ. ತುದಿಯ ಹಳ್ಳವನ್ನು ಅವಳು ಕೈಯಲ್ಲೇ ತೇಯ್ದಳು. ಮತ್ತೆ ಊದಿದ. ಸೋರಿಕೆ ಹೋಗಿತ್ತು. ಸ್ವರ ಒಂದಿಷ್ಟು ಒರಟಾಗಿ, ಅಗಲವಾಗಿ ಬಂತು. ನಮ್ಮ ಮನೆಯ ಸ್ವರ. ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಒಲೆಯಲ್ಲಿ ಸುಟ್ಟಾಗ ಅದು ಬಿಳಿ ಅಲ್ಲ, ಅವನ ಉಳಿದ ಹಲ್ಲುಗಳ ಹಾಗೆ ಚಹಾದ ಬಣ್ಣಕ್ಕೆ ಬಂತು. ಅದಕ್ಕೆಂದೇ ಮೇಲೆ ಏನೋ ಹಚ್ಚಿದ್ದಳು. ಅಂಟಿಸಿದಳು. ಉಳಿದ ನೇರ ಹಲ್ಲನ್ನು ಕೈಯಲ್ಲಿ ಹಿಡಿದು, "ಇದನ್ನೇನು ಮಾಡ್ಲಿ?" ಅಂದಳು. ಮಬ್ರೂಕಾ ಕಿತ್ತುಕೊಂಡಳು. "ಕೊಡಿಲ್ಲಿ. ನನ್ನ ತಮ್ಮನ ಒಳ್ಳೆ ಹಲ್ಲು ಇದು," ಅಂತ ಪರ್ಸಿಗೆ ಹಾಕಿಕೊಂಡಳು. ನಮಗೆ ಹೋಗಿಬನ್ನಿ ಅಂತ ಕೂಡ ಹೇಳಲಿಲ್ಲ.

ಮಧ್ಯಾಹ್ನದ ಹಡಗು ಸಿಕ್ಕಿತು. ದಾರಿಯಲ್ಲಿ ಅವನು ಬಾಯಿ ತೆರೆಯಲಿಲ್ಲ. ಅಂಟು ಗಟ್ಟಿಯಾಗಲಿ ಅಂತ.

ಸಂಜೆಗೆ ಎಮ್ನಾಳನ್ನು ಒಂಟೆಯ ಮೇಲೆ ಕೂರಿಸಿದರು. ಕೆಂಪು ಬಟ್ಟೆ ಹೊದಿಸಿದ ಗೂಡು, ಒಳಗಿದ್ದವಳು ಕಾಣುತ್ತಿರಲಿಲ್ಲ. ಬೂಬಕ್ಕರ್ ಡೋಲಿಗೆ ಕೋಲು ಹಾಕಿದ. ತೀಜಾನಿ ಉಸಿರು ತುಂಬಿಕೊಂಡು ಶುರು ಮಾಡಿದ. ನಾನು ಹೆಂಗಸರ ಜೊತೆ ಒಂಟೆಯ ಹಿಂದೆ ನಡೆದೆ. ಅವರು ಹಾಡುತ್ತಿದ್ದರು. ನಾನು ಹಾಡಲಿಲ್ಲ. ಅವನ ಉಸಿರು ಕೇಳುತ್ತಿದ್ದೆ.

ಖರ್ಜೂರದ ಮರಗಳ ನಡುವಿನ ಮರಳುದಾರಿ ಸರಿಯಾಗಿಯೇ ಕಳೆಯಿತು. ಮಸೀದಿಯ ತಿರುವಿನಲ್ಲಿ ಸ್ವರ ತೆಳುವಾಯಿತು. ದಾರದ ಹಾಗಾಯಿತು. ನನ್ನ ಪಕ್ಕದವಳು ಹಾಡು ನಿಲ್ಲಿಸಿ ಕತ್ತೆತ್ತಿದಳು. ಅವನ ಕೆನ್ನೆಗಳು ಒಳಗೆ ಹೋಗಿದ್ದವು. ತುಟಿ ಜಾಗ ಹುಡುಕುತ್ತಿತ್ತು. ಬೂಬಕ್ಕರ್ ಅವನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಾರಿಸಿದ. ಡೋಲು ಜೋರು ಮಾಡಲಿಲ್ಲ. ಜೋರು ಮಾಡಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ನಿಧಾನ ಮಾಡಿದ. ಒಂಟೆಯೂ ನಿಧಾನವಾಯಿತು. ಆ ದಾರ ಹರಿಯದೆ ಹಾಗೇ ಬಂತು. ಆಮೇಲೆ ಕೆನ್ನೆ ಮತ್ತೆ ಉಬ್ಬಿತು. ತುಟಿಗೆ ಮೂಲೆ ಸಿಕ್ಕಿತು ಅಂತ ನನಗೆ ಗೊತ್ತಾಯಿತು. ಪಕ್ಕದವಳು ಮತ್ತೆ ಹಾಡಿದಳು.

ಗಂಡನ ಬಾಗಿಲು ಬಂತು. ಒಂಟೆ ಮಂಡಿಯೂರಿತು, ಎಮ್ನಾ ಇಳಿದಳು, ಹೊಸಿಲು ದಾಟಿದಳು. ಇವನು ಇನ್ನೂ ಊದುತ್ತಲೇ ಇದ್ದ. ಬೂಬಕ್ಕರ್ ಡೋಲು ಕೆಳಗಿಟ್ಟು, ಅವನ ತೋಳು ಹಿಡಿದು, "ಸಾಕೋ, ಬಂದಾಯ್ತು," ಅಂದ.

ಎಮ್ನಾ ಒಳಗಿಂದಲೇ ಮುಸುಕೆತ್ತಿ ಕೂಗಿದಳು. "ಚಿಕ್ಕಪ್ಪ, ಹೊಸ ಹಲ್ಲು ತೋರ್ಸು!"

ತೋರಿಸಿದ.

"ಇದೇನು, ಹಳೇದೇ ಇದೆ?"

"ಹಳೇದೇ," ಅಂದ. ಕೈ ಅಡ್ಡ ಹಿಡಿದು ನಕ್ಕ.

ಊರಿಗೆ ಊರೇ ನಕ್ಕಿತು. ಸ್ಫಾಕ್ಸ್‌ಗೆ ಹೋಗಿ ದುಡ್ಡು ಕೊಟ್ಟು ಸೊಟ್ಟ ಹಲ್ಲು ಮಾಡಿಸಿಕೊಂಡು ಬಂದವನು ಅಂತ. ಕತ್ತೆಹಲ್ಲು ಅಂತಲೇ ಹೆಸರಾಯಿತು. ದಡದಲ್ಲಿ ಹಾಗೇ ಕರೆಯುತ್ತಿದ್ದರು, ಇವನು ಓಗೊಡುತ್ತಿದ್ದ. ಆಮೇಲೆ ಬಹಳ ಮದುವೆಗಳಿಗೆ ಊದಿದ. ಎಮ್ನಾಗೆ ಈಗ ಇಬ್ಬರು ಹೆಣ್ಣುಮಕ್ಕಳು. ಗಂಡನ ಜೊತೆ ಜಗಳವಾಡುತ್ತಾಳೆ, ಎಲ್ಲರೂ ಆಡುವಷ್ಟೇ. ಬಾವಿಕಟ್ಟೆಯಲ್ಲಿ ಅವಳ ಬಗ್ಗೆ ಮಾತಿಲ್ಲ.

ಅವನು ಸತ್ತ ದಿನ, ಹೆಣ ತೊಳೆಯುವವರು ಒಳಗಿಂದ ಬಂದು ಕೇಳಿದರು, "ಬಾಯಲ್ಲಿ ತೆಗೆಯೋ ಹಲ್ಲು ಏನಾದ್ರೂ ಇದ್ಯಾ ತಾಯಿ?"

"ಇಲ್ಲ. ಮುಂದಿನದು ಕೂರಿಸಿದ್ದು. ಬರಲ್ಲ."

ಬಿಳಿಬಟ್ಟೆ ಸುತ್ತಿ ಮುಖ ನೋಡಲು ಕರೆದರು. ಮಬ್ರೂಕಾ ಹಡಗಿನಿಂದ ನೇರ ಅಲ್ಲಿಗೇ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಪರ್ಸು ತೆರೆದು, ಕರವಸ್ತ್ರದ ಗಂಟು ಬಿಚ್ಚಿ, ಸುಡದೆ ಉಳಿದಿದ್ದ ಆ ನೇರಳೆ ಹಲ್ಲು ತೆಗೆದಳು. ಇಷ್ಟು ವರ್ಷ ಇಟ್ಟುಕೊಂಡಿದ್ದಳು.

"ಇದನ್ನೂ ಅವನ ಜೊತೆಗಿಡ್ಲೇನೇ? ಅಲ್ಲಿಗಾದ್ರೂ ಚಂದದ ಹಲ್ಲು ತಗೊಂಡು ಹೋಗ್ಲಿ."

ನಾನು ಅವನ ಬಾಯಿ ನೋಡಿದೆ. ತುಟಿ ಸ್ವಲ್ಪ ತೆರೆದಿತ್ತು. ಸೊಟ್ಟ ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಕೈ ಅಡ್ಡ ಇರಲಿಲ್ಲ.

"ಬೇಡ ಅಕ್ಕ," ಅಂದೆ. "ಅದು ಅವನದಲ್ಲ."